ಉದ್ಯಾನದ ಹಿಂಬದಿಯ ಮೂಲೆಯನ್ನು ಸ್ವಚ್ಛಗೊಳಿಸುವ ಮುನ್ನ: ಹಾಸನದಿಂದ ಒಂದು ಪ್ರಶ್ನೆ

ಪ್ರಶ್ನೆ: ಹೊಂಗೆನೆರಳು (ಹಾಸನ)

ನಮ್ಮ ಬಡಾವಣೆಯ ಸಾರ್ವಜನಿಕ ಉದ್ಯಾನದ ವಿಷಯವಾಗಿ ಬರುವ ಭಾನುವಾರ ನಿವಾಸಿಗಳ ಸಭೆ ಸೇರಲಿದೆ. ಅಲ್ಲಿ ಮಾತನಾಡುವ ಮುನ್ನ ತಿಳಿದವರ ಅಭಿಪ್ರಾಯ ಪಡೆಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಬರಹ ದೀರ್ಘವಾಗಿದ್ದರೆ ಮನ್ನಿಸಿ.

ಉದ್ಯಾನ ಹೆಚ್ಚುಕಡಿಮೆ ಎರಡು ಎಕರೆಯಷ್ಟಿದೆ. ಮುಂಭಾಗದಲ್ಲಿ ಹುಲ್ಲುಹಾಸು, ಮಕ್ಕಳ ಜೋಕಾಲಿ, ನಡಿಗೆಯ ದಾರಿ, ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಗಿಡಗಳು ಇವೆ. ಹಿಂಬದಿಯ ಅರ್ಧ ಎಕರೆ ಮಾತ್ರ ಹಲವು ವರ್ಷಗಳಿಂದ ಯಾರ ಕೈಗೂ ಸಿಗದೆ ತನ್ನಷ್ಟಕ್ಕೆ ಬೆಳೆದುಕೊಂಡಿದೆ. ಅಲ್ಲಿ ಒಂಬತ್ತು ಹೊಂಗೆ ಮರಗಳು, ದೊಡ್ಡದೊಂದು ಮಳೆಮರ, ಒಂದು ಹಳೆಯ ಅತ್ತಿ ಮರ ಇವೆ. ಅತ್ತಿಯ ಒಂದು ಕೊಂಬೆ ಒಣಗಿ ನಿಂತಿದೆ. ಕಾಂಪೌಂಡ್ ಉದ್ದಕ್ಕೂ ಲಂಟಾನ ಹಬ್ಬಿದೆ. ಕೆಳಗೆ ಪಾದ ಮುಳುಗುವಷ್ಟು ಒಣಗಿದೆಲೆ ಬಿದ್ದಿರುತ್ತದೆ. ಮಳೆಗಾಲದಲ್ಲಿ ಒಂದು ತಗ್ಗಿನಲ್ಲಿ ನೀರು ನಿಂತು ಅಕ್ಟೋಬರ್ ವೇಳೆಗೆ ಇಂಗುತ್ತದೆ.

ಈಗ ಉದ್ಯಾನದ ಅಭಿವೃದ್ಧಿಗೆ ಅನುದಾನ ಬಂದಿರುವುದರಿಂದ ಆ ಮೂಲೆಯನ್ನು ಪೂರ್ತಿ ಸ್ವಚ್ಛಗೊಳಿಸಿ, ತಗ್ಗನ್ನು ಮುಚ್ಚಿ, ಒಣಕೊಂಬೆಯನ್ನು ಕಡಿದು, ನೆಲಕ್ಕೆ ಸಿಮೆಂಟ್ ಬಿಲ್ಲೆ ಹಾಸಿ, ನಡುವೆ ಕಾರಂಜಿಯನ್ನೂ ಎತ್ತರದ ದೀಪಸ್ತಂಭವನ್ನೂ ನಿಲ್ಲಿಸಬೇಕೆಂಬ ಯೋಜನೆ ಸಿದ್ಧವಾಗಿದೆ. ಯೋಜನೆ ಮಾಡಿದವರ ಉದ್ದೇಶ ಒಳ್ಳೆಯದೇ. ವಯಸ್ಸಾದವರು ಕುಳಿತುಕೊಳ್ಳಲು ಜಾಗವಾಗಲಿ, ಕತ್ತಲಲ್ಲಿ ಅಲ್ಲಿ ಅನುಚಿತವಾದದ್ದು ನಡೆಯದಿರಲಿ ಎಂಬುದು ಅವರ ಆಶಯ.

ಆದರೆ ನಿವೃತ್ತನಾದ ಮೇಲೆ ಮೂರು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಅದೇ ಮೂಲೆಯ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕೂರುವ ನನಗೆ, ಉದ್ಯಾನದಲ್ಲಿ ಜೀವವಿರುವುದೇ ಅಲ್ಲಿ ಎನ್ನಿಸಿದೆ. ಮುಂಭಾಗದ ಹುಲ್ಲುಹಾಸಿನಲ್ಲಿ ಗೊರವಂಕ, ಕಾಗೆ, ಪಾರಿವಾಳಗಳ ಹೊರತು ಹೆಚ್ಚೇನೂ ಕಾಣುವುದಿಲ್ಲ. ಹಿಂಬದಿಯಲ್ಲಿ ಮಡಿವಾಳ ಹಕ್ಕಿ, ಸಿಂಪಿಗ, ಪಿಕಳಾರ, ಕೆಂಬೂತ, ಎರಡು ಜಾತಿಯ ಕುಟ್ರುಹಕ್ಕಿಗಳು, ಸಂಜೆಯಾದರೆ ಒಂದು ಜೋಡಿ ಹಾಲಕ್ಕಿ ಸಿಗುತ್ತವೆ. ಹಾವುರಾಣಿ, ಓತಿಕ್ಯಾತ, ಅಳಿಲುಗಳಂತೂ ನಿತ್ಯದ ಜೊತೆಗಾರರು. ಮುಂಗುಸಿಯನ್ನು ಎರಡು ಬಾರಿ ನೋಡಿದ್ದೇನೆ. ಕಳೆದ ನವೆಂಬರಿನಲ್ಲಿ ಎಲೆಗಳ ನಡುವೆ ಹಸಿರು, ನೀಲಿ, ಕಂದು, ಕೆಂಪು ಬಣ್ಣಗಳೆಲ್ಲ ಕೂಡಿದ ಒಂದು ಗಿಡ್ಡ ಬಾಲದ ಹಕ್ಕಿ ಕುಪ್ಪಳಿಸುತ್ತ ಎಲೆ ಮಗುಚುತ್ತಿತ್ತು. ಚಿತ್ರಗಳೊಂದಿಗೆ ಹೋಲಿಸಿದಾಗ ಅದು ನವರಂಗ ಎಂದು ತಿಳಿಯಿತು. ಅರವತ್ತು ವರ್ಷ ಇದೇ ಊರಿನಲ್ಲಿದ್ದೂ ನಾನು ಅದನ್ನು ಕಂಡಿರಲಿಲ್ಲ.

ಸಭೆಯಲ್ಲಿ ಬರಿಯ ಭಾವನೆಯ ಮಾತನಾಡಿದರೆ ಯಾರೂ ಕೇಳುವುದಿಲ್ಲ ಎಂಬ ಅರಿವು ನನಗಿದೆ. ಆದ್ದರಿಂದ ಕೇಳುತ್ತಿದ್ದೇನೆ: ಇಷ್ಟು ಸಣ್ಣ ಜಾಗವನ್ನು ಇದ್ದಂತೆ ಉಳಿಸಿಕೊಳ್ಳುವುದರಲ್ಲಿ ನಿಜವಾದ ಪ್ರಯೋಜನವಿದೆಯೇ? ಹಾವು ಮತ್ತು ಸೊಳ್ಳೆಗಳ ಬಗ್ಗೆ ನೆರೆಹೊರೆಯವರಿಗಿರುವ ಭಯಕ್ಕೆ ಪ್ರಾಮಾಣಿಕವಾದ ಉತ್ತರ ಏನು? ಉಳಿಸುವುದಾದರೆ ಹೇಗೆ ಉಳಿಸಬೇಕು?


ಉತ್ತರ 1: ಬೋರೆಯ ದಾರಿ (ಚಿಕ್ಕಮಗಳೂರು)

ನೀವು ನವರಂಗವನ್ನು ಕಂಡಿದ್ದೀರಿ ಎಂಬುದನ್ನು ಓದಿ ಬಹಳ ಸಂತೋಷವಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಆ ಹಕ್ಕಿಯಲ್ಲೇ ಉತ್ತರವಿದೆ ಎಂದು ನನಗನ್ನಿಸುತ್ತದೆ. ನವರಂಗವು ಹಿಮಾಲಯದ ತಪ್ಪಲಿನಲ್ಲಿ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಬರುವ ಹಕ್ಕಿ. ಅರವತ್ತು ಗ್ರಾಂ ಆಸುಪಾಸಿನ ಆ ಪುಟ್ಟ ದೇಹ ರಾತ್ರಿಯ ಹೊತ್ತು ಅಷ್ಟು ದೂರ ಹಾರಿ ಬಂದು ಇಳಿಯುವಾಗ ಹುಡುಕುವುದು ಎರಡನ್ನೇ: ಮೇಲೆ ನೆರಳು, ಕೆಳಗೆ ತೇವವಾದ ಒಣಗಿದೆಲೆಯ ಹಾಸು. ಎರೆಹುಳ, ಗೆದ್ದಲು, ಜೀರುಂಡೆಯ ಮರಿ, ಸಣ್ಣ ಬಸವನಹುಳು ಎಲ್ಲವೂ ಆ ಹಾಸಿನ ಕೆಳಗೇ ಇರುತ್ತವೆ. ಎಲೆಯನ್ನು ಗುಡಿಸಿದ ದಿನವೇ ಅದರ ಊಟವನ್ನೂ ಗುಡಿಸಿದಂತಾಗುತ್ತದೆ. ಮುಂದಿನ ಅಕ್ಟೋಬರ್ ಕೊನೆಯಿಂದ ಮುಂಜಾವು ಮತ್ತು ಮುಸ್ಸಂಜೆಯಲ್ಲಿ ಕಿವಿಗೊಟ್ಟು ಕುಳಿತರೆ, ಎರಡು ಸ್ವರಗಳ ಸ್ಪಷ್ಟವಾದ ಸಿಳ್ಳೆಯಿಂದ ಅದು ಬಂದಿರುವುದನ್ನು ನೋಡುವ ಮೊದಲೇ ತಿಳಿಯಬಹುದು. ಸಂಜೆ ಆರರ ಸುಮಾರಿಗೆ ಕೂಗುವುದರಿಂದ ತಮಿಳಿನಲ್ಲಿ ಅದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ.

ಹಾಸನ, ಚಿಕ್ಕಮಗಳೂರು ಎರಡೂ ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚಿನ ಊರುಗಳು ಎಂಬುದನ್ನು ಸಭೆಯಲ್ಲಿ ನೆನಪಿಸಿ. ಒಂದು ಕಡೆ ಸಕಲೇಶಪುರದ ಮಳೆಕಾಡು, ಇನ್ನೊಂದು ಕಡೆ ಅರಸೀಕೆರೆಯ ಒಣನೆಲ. ಇಂಥ ಅಂಚಿನ ಊರಿಗೆ ಎರಡೂ ಕಡೆಯ ಜೀವಿಗಳು ಬರುತ್ತವೆ. ನಾನು ಇಲ್ಲಿ ರತ್ನಗಿರಿ ಬೋರೆಯ ಸುತ್ತ ಅನೇಕ ವರ್ಷಗಳಿಂದ ಹಕ್ಕಿ ನೋಡುತ್ತ ಬಂದಿದ್ದೇನೆ. ಹೂವಿನ ಪಾತಿಗಳಿರುವ ಕಡೆ ಒಂದು ಗಂಟೆಯಲ್ಲಿ ನನಗೆ ಎಂಟು ಹತ್ತು ಜಾತಿಗಳು ಸಿಕ್ಕರೆ, ಇಳಿಜಾರಿನಲ್ಲಿ ಪೊದೆ ಮತ್ತು ಮರ ಬೆರೆತಿರುವ ಕಡೆ ಅದೇ ಹೊತ್ತಿನಲ್ಲಿ ಅದರ ಎರಡರಷ್ಟು ಸಿಗುತ್ತವೆ. ಹುಲ್ಲು, ಪೊದೆ, ನಡುಮರ, ದೊಡ್ಡ ಮರ ಎಂಬ ಅಂತಸ್ತುಗಳು ಒಂದರ ಮೇಲೊಂದು ಇದ್ದಷ್ಟೂ ವಾಸಕ್ಕೆ ಬರುವವರು ಹೆಚ್ಚು. ಹುಲ್ಲುಹಾಸು ಮತ್ತು ಎತ್ತರದ ಮರ ಮಾತ್ರ ಇರುವ ಉದ್ಯಾನ ನಡುವಿನ ಮಹಡಿಗಳೇ ಇಲ್ಲದ ಕಟ್ಟಡದಂತೆ. ಸಿಂಪಿಗ, ಪಿಕಳಾರ, ಕೆಂಬೂತಗಳಿಗೆ ಬೇಕಾದದ್ದು ಆ ನಡುವಿನ ಮಹಡಿಗಳೇ.

ಒಣಕೊಂಬೆಯ ವಿಚಾರ. ದಯವಿಟ್ಟು ಅದನ್ನು ಕಡಿಯುವ ಮೊದಲು ಹತ್ತು ನಿಮಿಷ ಅದರ ಕೆಳಭಾಗವನ್ನು ನೋಡಿ. ಚಿಟ್ಟುಕುಟ್ರ ಎಂಬ ಪುಟ್ಟ ಕುಟ್ರುಹಕ್ಕಿ ತನ್ನ ಗೂಡನ್ನು ತಾನೇ ಕೊರೆಯುತ್ತದೆ. ಗಟ್ಟಿಯಾದ ಹಸಿ ಮರವನ್ನು ಕೊರೆಯುವ ಬಲ ಅದರ ಕೊಕ್ಕಿಗಿಲ್ಲದ ಕಾರಣ ಸತ್ತು ಮೆತ್ತಗಾದ ಕೊಂಬೆಯೇ ಬೇಕು. ಮಳೆನೀರು ಒಳಗೆ ಇಳಿಯದಂತೆ ಸಾಮಾನ್ಯವಾಗಿ ಕೊಂಬೆಯ ಅಡಿಭಾಗದಲ್ಲಿ ತೂತು ಮಾಡುತ್ತದೆ. ಕುಟ್ರುಹಕ್ಕಿಗಳೂ ಮರಕುಟಿಗಗಳೂ ಬಿಟ್ಟುಹೋದ ಪೊಟರೆಗಳಲ್ಲಿ ಮಡಿವಾಳ, ಗೊರವಂಕ, ಗಿಳಿ ಮೊದಲಾದವು ಸಂಸಾರ ಹೂಡುತ್ತವೆ, ಏಕೆಂದರೆ ಅವಕ್ಕೆ ಹೊಸದಾಗಿ ಕೊರೆಯಲು ಬಾರದು. ನಿಮ್ಮ ಹಾಲಕ್ಕಿ ಜೋಡಿಯೂ ಆ ಮರದ ಪೊಟರೆಯಲ್ಲೇ ಇರಬಹುದು. ಕೊಂಬೆ ನಡಿಗೆಯ ದಾರಿಯ ಮೇಲೆ ಚಾಚಿದ್ದರೆ ಅಪಾಯವಾಗುವಷ್ಟು ಭಾಗವನ್ನು ಮಾತ್ರ ತೆಗೆದು, ಬುಡದ ಕಡೆಯ ಎರಡು ಮೂರು ಅಡಿಯನ್ನು ಬಿಡಬಹುದು.

ಅತ್ತಿಯ ಬಗ್ಗೆ ಒಂದು ಮಾತು ಸೇರಿಸದೆ ಇರಲಾರೆ. ಅತ್ತಿ, ಆಲ, ಬಸರಿ, ಗೋಣಿ ಇವೆಲ್ಲ ಒಂದೇ ಕುಲದವು. ಇವುಗಳ ಹೂವು ಕಾಯಿಯ ಒಳಗೇ ಅರಳುವುದರಿಂದ ಪರಾಗಸ್ಪರ್ಶಕ್ಕೆ ಕೆಲವೇ ಮಿಲಿಮೀಟರ್ ಉದ್ದದ ಕಣಜಗಳು ಕಾಯಿಯ ತುದಿಯ ರಂಧ್ರದಿಂದ ಒಳಹೋಗಬೇಕು. ಬೇರೆ ಮರಗಳು ವರ್ಷಕ್ಕೊಮ್ಮೆ ಹಣ್ಣು ಬಿಟ್ಟು ಸುಮ್ಮನಾದರೆ ಈ ಕುಲದ ಮರಗಳು ತಮತಮಗೆ ಬೇರೆ ಬೇರೆ ಸಮಯದಲ್ಲಿ ಹಣ್ಣಾಗುವುದರಿಂದ, ಬೇರೇನೂ ಸಿಗದ ತಿಂಗಳಲ್ಲೂ ಹಕ್ಕಿ, ಅಳಿಲು, ಬಾವಲಿಗಳಿಗೆ ಆಹಾರ ದೊರೆಯುತ್ತದೆ. ಉದ್ಯಾನದಲ್ಲಿ ಒಂದೇ ಒಂದು ಮರವನ್ನು ಉಳಿಸಿಕೊಳ್ಳಲು ನನಗೆ ಅವಕಾಶ ಕೊಟ್ಟರೆ ನಾನು ಆರಿಸುವುದು ಅತ್ತಿಯನ್ನೇ.


ಉತ್ತರ 2: ಅಂಗಳ (ಹಾಸನ)

ಮೇಲಿನವರ ಮಾತು ಕೇಳಲು ಚೆನ್ನಾಗಿದೆ. ಆದರೆ ನಾನು ಬೇರೆ ಕಡೆಯಿಂದ ಬರೆಯಬೇಕಾಗಿದೆ. ನನಗೆ ಆರು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳಿದ್ದಾರೆ. ನಮ್ಮ ಮನೆಯೂ ಇಂಥದೇ ಒಂದು ಉದ್ಯಾನದ ಹಿಂಬದಿಗಿದೆ. ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಚೆಂಡು ತರಲು ಪೊದೆಯ ಕಡೆಗೆ ಹೋದ ನನ್ನ ಮಗನ ಕಾಲಿಗೆ ಒಂದು ಮಾರು ದೂರದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಏನೂ ಆಗಲಿಲ್ಲ, ಆದರೆ ಆ ಕ್ಷಣವನ್ನು ನಾನು ಇಂದಿಗೂ ಮರೆತಿಲ್ಲ. 2024ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಡೆಂಗಿ ಹಬ್ಬಿದಾಗ ನಮ್ಮ ಬೀದಿಯಲ್ಲೂ ಹಲವರು ಜ್ವರದಿಂದ ನರಳಿದರು. ಹಕ್ಕಿಗಳು ಇರಲಿ ಎಂದು ಹೇಳುವವರು, ಅವುಗಳ ಪಕ್ಕದಲ್ಲೇ ಬದುಕುವ ಮಕ್ಕಳ ಬಗ್ಗೆಯೂ ಅಷ್ಟೇ ವಿವರವಾಗಿ ಯೋಚಿಸಿದ್ದಾರೆ ಎಂಬ ಭರವಸೆ ನಮ್ಮಂಥವರಿಗೆ ಬೇಕು. ಅದು ಸಿಗದಿದ್ದರೆ ಸಭೆಯಲ್ಲಿ ನಾನು ಸಿಮೆಂಟ್ ಬಿಲ್ಲೆಯ ಪರವಾಗಿಯೇ ಕೈ ಎತ್ತುತ್ತೇನೆ.


ಉತ್ತರ 3: ದರಗು (ಹಾಸನ)

ಕಾಫಿ ತೋಟದ ಕೆಲಸದಲ್ಲಿ ಇಪ್ಪತ್ತು ವರ್ಷ, ಆಮೇಲೆ ಸಾರ್ವಜನಿಕ ಉದ್ಯಾನಗಳ ನಿರ್ವಹಣೆಯಲ್ಲಿ ಹನ್ನೆರಡು ವರ್ಷ ಕಳೆದ ಅನುಭವದಿಂದ ಬರೆಯುತ್ತಿದ್ದೇನೆ. ಅಂಗಳ ಅವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಯಾವ ಮಾತಿಗೂ ಬೆಲೆಯಿಲ್ಲ.

ಹಾವು ಒಂದು ಜಾಗದಲ್ಲಿ ನೆಲೆಸುವುದು ಇಲಿಗಾಗಿ, ಕಪ್ಪೆಗಾಗಿ ಮತ್ತು ಅಡಗಲು ಸಂದು ಇರುವುದಕ್ಕಾಗಿ. ನಾನು ಕೆಲಸ ಮಾಡಿದ ಉದ್ಯಾನಗಳಲ್ಲಿ ಹಾವು ಹೆಚ್ಚಾಗಿ ಕಾಣಿಸಿದ್ದು ಮರದ ಕೆಳಗಿನ ಎಲೆಹಾಸಿನಲ್ಲಿ ಅಲ್ಲ. ಕಾಂಪೌಂಡ್ ಪಕ್ಕ ಸುರಿದ ಒಡೆದ ಹೆಂಚು, ಇಟ್ಟಿಗೆ, ಕಲ್ಲುಗಳ ರಾಶಿಯಲ್ಲಿ, ಮತ್ತು ಜನರು ಎಸೆದ ಊಟದ ಎಲೆ, ತಿಂಡಿಯ ಪೊಟ್ಟಣಗಳಿಗೆ ಇಲಿಗಳು ಮುತ್ತಿದ ಜಾಗದಲ್ಲಿ. ಸಿಮೆಂಟ್ ಬಿಲ್ಲೆ ಹಾಸಿದರೆ ಹಾವು ಹೋಗುತ್ತದೆ ಎಂಬುದು ಅರ್ಧ ಸತ್ಯ. ಬಿಲ್ಲೆಯ ಅಂಚುಗಳಲ್ಲಿ ಮಣ್ಣು ಕುಸಿದು ಇಲಿ ಬಿಲ ತೋಡಿದರೆ, ಆ ಬಿಲಕ್ಕೆ ಹಾವು ಬಂದೇ ಬರುತ್ತದೆ. ಆದ್ದರಿಂದ ಮೊದಲ ಕೆಲಸ ಕಟ್ಟಡದ ಅವಶೇಷಗಳನ್ನೂ ಆಹಾರದ ಕಸವನ್ನೂ ತೆಗೆಯುವುದು. ಎರಡನೆಯದು, ಮಕ್ಕಳು ಆಡುವ ಜಾಗ ಮತ್ತು ನಡಿಗೆಯ ದಾರಿಯ ಇಕ್ಕೆಲಗಳಲ್ಲಿ ಎಂಟು ಹತ್ತು ಅಡಿ ಅಗಲಕ್ಕೆ ಹುಲ್ಲನ್ನು ಕುಳ್ಳಾಗಿ ಕತ್ತರಿಸಿಡುವುದು. ಹಾವು ಬಯಲನ್ನು ದಾಟಲು ಹಿಂಜರಿಯುತ್ತದೆ, ದಾಟಿದರೂ ನಮ್ಮ ಕಣ್ಣಿಗೆ ಬೀಳುತ್ತದೆ. ಮೂರನೆಯದು, ಹಿಂಬದಿಯ ಮೂಲೆಗೂ ಆಟದ ಜಾಗಕ್ಕೂ ನಡುವೆ ಮೂರು ಅಡಿ ಎತ್ತರದ ಸರಳವಾದ ಬೇಲಿ ಮತ್ತು ಒಂದು ಗೇಟು ಹಾಕುವುದು. ಬೇಲಿ ಮಕ್ಕಳ ಚೆಂಡನ್ನು ತಡೆಯುತ್ತದೆ, ದೊಡ್ಡವರ ನೋಟವನ್ನು ತಡೆಯುವುದಿಲ್ಲ.

ಕೇರೆ ಹಾವಿಗೆ ವಿಷವಿಲ್ಲ, ಇಲಿ ಹಿಡಿಯುವುದೇ ಅದರ ಬದುಕು. ಕೇರೆ, ನಾಗರ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ್ದರಿಂದ ಕೊಲ್ಲುವುದು ಅಪರಾಧವೂ ಹೌದು. ಹಾವು ಕಂಡರೆ ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಉರಗ ರಕ್ಷಕರಿಗೆ ತಿಳಿಸಬೇಕು, ಅವರ ದೂರವಾಣಿ ಸಂಖ್ಯೆಯನ್ನು ಉದ್ಯಾನದ ಫಲಕದಲ್ಲೇ ಬರೆಸಬೇಕು. ಒಂದು ವೇಳೆ ಕಡಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕೈಕಾಲು ಅಲುಗಾಡದಂತೆ ಇರಿಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕರ್ನಾಟಕವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಬಳಸುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುತ್ತದೆ. ಇದನ್ನೆಲ್ಲ ಬರೆಯುವುದು ಯಾರನ್ನೂ ಹೆದರಿಸಲು ಅಲ್ಲ. ಇಂಥ ಸಿದ್ಧತೆ ಇರುವ ಕಡೆ ಭಯ ತಾನಾಗಿ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಹೂಕುಂಡದ ತಟ್ಟೆ, ಟೈರು, ತೆಂಗಿನ ಚಿಪ್ಪು, ಎಸೆದ ಪ್ಲಾಸ್ಟಿಕ್ ಲೋಟದಂಥ ಸಣ್ಣ ಪಾತ್ರೆಗಳ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮಳೆಗಾಲದ ತಗ್ಗಿನ ಸಂಗತಿ ಬೇರೆ. ಅಲ್ಲಿ ಕಪ್ಪೆಯ ಗೊದಮೊಟ್ಟೆಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರುಜೀರುಂಡೆಗಳು ಇರುತ್ತವೆ, ಅವುಗಳಲ್ಲಿ ಹಲವು ಸೊಳ್ಳೆಮರಿಗಳನ್ನು ತಿಂದೇ ಬದುಕುತ್ತವೆ. ಹಾಗೆಂದು ತಗ್ಗು ಯಾವಾಗಲೂ ನಿರಪಾಯ ಎಂದು ನಾನು ಹೇಳಲಾರೆ. ಚರಂಡಿಯ ನೀರು ಅದಕ್ಕೆ ಸೇರುತ್ತಿದ್ದರೆ ಆ ಜೀವಿಗಳು ಸತ್ತು ಕೊಳಚೆಸೊಳ್ಳೆಗಳು ಹೆಚ್ಚುತ್ತವೆ, ಆದ್ದರಿಂದ ಮೊದಲು ಚರಂಡಿಯನ್ನು ಬೇರ್ಪಡಿಸಬೇಕು. ವಾರಕ್ಕೊಮ್ಮೆ ಒಬ್ಬರು ಬಿಳಿ ಸೌಟಿನಲ್ಲಿ ನೀರೆತ್ತಿ ಮರಿಗಳಿವೆಯೇ ಎಂದು ನೋಡಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಸೊಳ್ಳೆಮರಿ ತಿನ್ನಲೆಂದು ಗ್ಯಾಂಬೂಸಿಯಾ ಮೀನು ಬಿಡುವ ಸಲಹೆ ಯಾರಾದರೂ ಕೊಟ್ಟರೆ ಯೋಚಿಸಿ: ಅದು ಉತ್ತರ ಅಮೆರಿಕದ ಮೀನು, ಗೊದಮೊಟ್ಟೆಗಳನ್ನೂ ಬಿಡದೆ ತಿನ್ನುತ್ತದೆ. ಯೋಜನೆಯಲ್ಲಿರುವ ಕಾರಂಜಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಪಂಪು ಕೆಟ್ಟ ವಾರದಿಂದಲೇ ಕಾರಂಜಿಯ ತೊಟ್ಟಿ ಸೊಳ್ಳೆಯ ತೊಟ್ಟಿಲಾಗುತ್ತದೆ. ನಾನು ನೋಡಿದ ಹೆಚ್ಚಿನ ಕಾರಂಜಿಗಳು ಎರಡನೆಯ ಮಳೆಗಾಲ ಕಾಣುವ ಮೊದಲೇ ನಿಂತುಹೋಗಿದ್ದವು.

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯ. ಮಲೆನಾಡಿನ ಕಡೆ ಮರದಡಿಯ ಒಣಗಿದೆಲೆಯನ್ನು ದರಗು ಎನ್ನುತ್ತೇವೆ. ಅದನ್ನು ಗೂಡಿಸಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿದವರ ಮಕ್ಕಳು ನಾವು. ಕಾಫಿ ಗಿಡದ ಬುಡಕ್ಕೆ ದರಗು ಇದ್ದರೆ ಬೇಸಿಗೆಯಲ್ಲಿ ನೆಲದ ತೇವ ಆರುವುದಿಲ್ಲ, ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ ಎಂಬುದು ತೋಟದ ಆಳಿಗೂ ಗೊತ್ತು. ಅದೇ ದರಗು ಪಟ್ಟಣದ ಉದ್ಯಾನಕ್ಕೆ ಬಂದೊಡನೆ ಕಸ ಎನಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೊಟ್ಟಣಕ್ಕೂ ಹೊಂಗೆಯ ಎಲೆಗೂ ಒಂದೇ ಹೆಸರು ಕೊಟ್ಟು, ಒಂದೇ ಪೊರಕೆಯಲ್ಲಿ ಗುಡಿಸಿ, ಒಂದೇ ರಾಶಿಯಲ್ಲಿ ಬೆಂಕಿ ಇಡುತ್ತೇವೆ. ಬಯಲಿನಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿವೆ. ಆದರೂ ಜನವರಿಯ ಬೆಳಗುಗಳಲ್ಲಿ ಆ ಹೊಗೆ ಊರೆಲ್ಲ ತುಂಬಿರುತ್ತದೆ. ಆ ಬೆಂಕಿಯಲ್ಲಿ ಏನು ಸುಡುತ್ತದೆ ಎಂಬುದಕ್ಕೆ ಮಿಂಚುಹುಳ ಒಂದೇ ಸಾಕು. ಮೇ ಕೊನೆಯ ಮಳೆಯ ನಂತರ ನಾವು ನೋಡುವ ಮಿನುಗುವ ಹುಳ ಬದುಕುವುದು ಕೆಲವೇ ವಾರ. ಅದಕ್ಕೂ ಮುನ್ನ ಎಷ್ಟೋ ತಿಂಗಳು ಅದು ಮರಿಯಾಗಿ ತೇವದ ದರಗಿನ ಕೆಳಗೆ ಬಸವನಹುಳು, ಗೊಂಡೆಹುಳುಗಳನ್ನು ಹಿಡಿದು ತಿನ್ನುತ್ತ ಇರುತ್ತದೆ. ಜನವರಿಯಲ್ಲಿ ಎಲೆ ಸುಟ್ಟವರು ಜೂನಿನಲ್ಲಿ ಮಿಂಚುಹುಳ ಎಲ್ಲಿ ಹೋಯಿತು ಎಂದು ಕೇಳುತ್ತಾರೆ.

ಬೆಂಕಿಯಿಂದ ಪಾರಾದ ಮಿಂಚುಹುಳಗಳಿಗೂ ದೀಪದ ಬೆಳಕು ತೊಂದರೆಯೇ. ಗಂಡು ಹೆಣ್ಣು ಮಿಂಚುಹುಳಗಳು ಒಂದನ್ನೊಂದು ಗುರುತಿಸುವುದೇ ಮಿನುಗಿನ ಲಯದಿಂದ, ದೀಪಸ್ತಂಭದ ಬಿಳಿ ಬೆಳಕಿನಲ್ಲಿ ಆ ಸಂಜ್ಞೆ ಕಾಣದು. ಮುಂಭಾಗಕ್ಕೆ ದೀಪ ಖಂಡಿತ ಬೇಕು. ಹಿಂಬದಿಯ ದಾರಿಗೆ ಸೊಂಟದೆತ್ತರದ, ಕೆಳಮುಖವಾದ, ಹಳದಿ ಬಣ್ಣದ ದೀಪಗಳನ್ನು ಹಾಕಿ, ಉದ್ಯಾನ ಮುಚ್ಚುವ ಹೊತ್ತಿಗೆ ತಾನಾಗಿ ಆರುವಂತೆ ಮಾಡಿದರೆ ಭದ್ರತೆಗೂ ತೊಂದರೆಯಿಲ್ಲ, ವಿದ್ಯುತ್ತಿನ ಖರ್ಚೂ ಉಳಿಯುತ್ತದೆ.

ಲಂಟಾನ ಉಳಿಯಲಿ ಎಂದು ನಾನು ಹೇಳುವುದಿಲ್ಲ. ಅದು ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದು ನಮ್ಮ ಕಾಡುಗಳನ್ನೇ ಆವರಿಸಿದ ಗಿಡ, ತನ್ನ ಕೆಳಗೆ ಬೇರೇನನ್ನೂ ಬೆಳೆಯಗೊಡುವುದಿಲ್ಲ. ಆದರೆ ನಿಮ್ಮ ಸಿಂಪಿಗ, ಪಿಕಳಾರಗಳಿಗೆ ಸದ್ಯಕ್ಕೆ ಇರುವ ಮನೆ ಅದೊಂದೇ. ಒಂದೇ ದಿನ ಜೆಸಿಬಿ ತಂದು ಎಲ್ಲವನ್ನೂ ಕಿತ್ತರೆ ಅವು ಹೋಗುವುದೆಲ್ಲಿಗೆ? ಮೂರು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗದಂತೆ, ಗೂಡು ಕಟ್ಟುವ ಕಾಲ ಬಿಟ್ಟು ತೆಗೆಯಿರಿ. ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ; ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕಡಿದು ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ತೆಗೆದ ಜಾಗದಲ್ಲಿ ಆ ಮಳೆಗಾಲದಲ್ಲೇ ಲಕ್ಕಿ, ಕೇಪಳ, ಕವಳೆ, ಕರಿಬೇವು, ತುಂಬೆಗಳನ್ನು ನೆಡಿ. ಕರಿಬೇವಿಗೆ ನಿಂಬೆ ಚಿಟ್ಟೆಯ ಮರಿಗಳು ಬರುತ್ತವೆ, ಕಕ್ಕೆ ಮರ ಇದ್ದರೆ ಹಳದಿ ಮಿಶ್ರಿತ ಬಿಳಿಯ ಚಿಟ್ಟೆಗಳು ಬರುತ್ತವೆ. ಕಾಂಪೌಂಡಿಗೆ ಈಶ್ವರಿ ಬಳ್ಳಿಯನ್ನು ಹಬ್ಬಿಸಿ. ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿತವಾದ, ಅಂಗೈಗಿಂತ ಅಗಲವಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಆ ಬಳ್ಳಿಯ ಜಾತಿಗೇ. ಅದು ನಿಮ್ಮಲ್ಲಿಗೆ ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ. ಅದೇ ಬಳ್ಳಿಯನ್ನು ಅವಲಂಬಿಸಿದ ಕಪ್ಪು ಕೆಂಪು ಮೈಯ ಸಣ್ಣ ಚಿಟ್ಟೆಗಳು ಬರುವ ಸಾಧ್ಯತೆ ಹೆಚ್ಚು. ಈಶ್ವರಿ ಬಳ್ಳಿಯೂ, ಎಕ್ಕದ ಗಿಡವಿದ್ದರೆ ಅದರ ಹಾಲೂ ವಿಷಕಾರಿಯಾದ್ದರಿಂದ ಎರಡನ್ನೂ ಬೇಲಿಯ ಆಚೆಗೇ ಬೆಳೆಸಬೇಕು.

ಬಿಲ್ಲೆ ಹಾಸಲೇಬೇಕೆಂದು ಹಟ ಹಿಡಿದರೆ ಮರದ ಬುಡವನ್ನಾದರೂ ಬಿಡಿಸಿ. ಬುಡದವರೆಗೂ ಸಿಮೆಂಟ್ ಬಂದ ಹೊಂಗೆ ಮೂರು ನಾಲ್ಕು ವರ್ಷಗಳಲ್ಲಿ ತುದಿಯಿಂದ ಒಣಗುತ್ತ ಬಂದದ್ದನ್ನು ನಾನು ನೋಡಿದ್ದೇನೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು.


ಉತ್ತರ 4: ಕಡತ (ಹಾಸನ)

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸುತ್ತೇನೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸುಡುವುದು ಮತ್ತು ಯಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದೂ ಕಡಿಯುವುದರ ಅರ್ಥದಲ್ಲೇ ಸೇರುತ್ತದೆ. ಉದ್ಯಾನ ಸಾರ್ವಜನಿಕ ಸ್ವತ್ತು ಎಂಬ ಕಾರಣಕ್ಕೆ ವಿನಾಯಿತಿ ಇದೆ ಎಂದು ಭಾವಿಸಬಾರದು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಪ್ರತ್ಯೇಕ ಅಧಿನಿಯಮವೂ ಇದೆ. ಇನ್ನೊಂದು ಉಪಯುಕ್ತ ಮಾರ್ಗವೆಂದರೆ ಜೀವವೈವಿಧ್ಯ ಅಧಿನಿಯಮ, 2002. ಅದರಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ನಿಮ್ಮ ಮೂರು ವರ್ಷಗಳ ಟಿಪ್ಪಣಿಗಳನ್ನು ದಿನಾಂಕ ಸಹಿತ ಆ ಸಮಿತಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ. ಸಭೆಯಲ್ಲಿ ಆಡಿದ ಮಾತು ಮರೆತುಹೋಗಬಹುದು, ಕಡತಕ್ಕೆ ಸೇರಿದ ಕಾಗದ ಉಳಿಯುತ್ತದೆ.


ಉತ್ತರ 5: ಬೋರೆಯ ದಾರಿ (ಚಿಕ್ಕಮಗಳೂರು)

ಕಡತ ಅವರ ಸಲಹೆಗೆ ಒಂದು ಸೇರ್ಪಡೆ. ಟಿಪ್ಪಣಿಗಳನ್ನು ಈ-ಬರ್ಡ್ ಜಾಲತಾಣದಲ್ಲೂ ನಮೂದಿಸಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಗಣತಿ ನಡೆಯುತ್ತದೆ. ಆ ದಿನಗಳಲ್ಲಿ ಬಡಾವಣೆಯ ಮಕ್ಕಳನ್ನೇ ಹಿಂಬದಿಯ ಮೂಲೆಗೆ ಕರೆದೊಯ್ದು ಹದಿನೈದು ನಿಮಿಷ ಎಣಿಸಿ, ಮುಂಭಾಗದ ಹುಲ್ಲುಹಾಸಿನಲ್ಲೂ ಹದಿನೈದು ನಿಮಿಷ ಎಣಿಸಲು ಹೇಳಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನೀವು ವಾದಿಸುವ ಅಗತ್ಯ ಬೀಳುವುದಿಲ್ಲ.

ದರಗು ಅವರ ಮಾತಿನಲ್ಲಿ ಒಂದನ್ನು ಮಾತ್ರ ನಾನು ಇನ್ನೂ ಎಚ್ಚರಿಕೆಯಿಂದ ಹೇಳುತ್ತಿದ್ದೆ. ಲಂಟಾನದ ಒಂದು ಭಾಗ ತೆಗೆದ ಮೇಲೆ ನೆಟ್ಟ ಗಿಡಗಳು ಎದೆಯೆತ್ತರ ಬರುವವರೆಗೆ ಎರಡನೆಯ ಭಾಗಕ್ಕೆ ಕೈಹಾಕಬಾರದು. ಅದಕ್ಕೆ ಒಂದು ವರ್ಷ ಸಾಲದೆ ಎರಡು ಬೇಕಾಗಬಹುದು.


ಉತ್ತರ 6: ಅಂಗಳ (ಹಾಸನ)

ದರಗು ಅವರು ಸಮಾಧಾನದಿಂದ ವಿವರಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ನಮ್ಮ ಮನೆಯ ಹಿಂಬದಿಯಲ್ಲಿ ಆ ದಿನ ಹಾವು ಕಂಡದ್ದು ನಿಜಕ್ಕೂ ಒಡೆದ ಹೆಂಚುಗಳ ರಾಶಿಯ ಪಕ್ಕದಲ್ಲೇ ಎಂಬುದು ಓದುವಾಗ ನೆನಪಾಯಿತು. ಆ ರಾಶಿ ಇನ್ನೂ ಅಲ್ಲೇ ಇದೆ, ನಾವು ಪೊದೆಯನ್ನು ಮಾತ್ರ ಕಡಿಸಿದೆವು. ಬೇಲಿ, ಗೇಟು, ಕತ್ತರಿಸಿದ ಹುಲ್ಲಿನ ಪಟ್ಟಿ ಇವು ಮೊದಲು ಆಗಲಿ, ಆಮೇಲೆ ಉಳಿದದ್ದು ಉಳಿಯಲಿ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ವಾರಕ್ಕೊಮ್ಮೆ ತಗ್ಗಿನ ನೀರನ್ನು ಪರೀಕ್ಷಿಸುವವರು ಯಾರು ಎಂಬುದನ್ನು ಹೆಸರು ಸಹಿತ ಸಭೆಯಲ್ಲೇ ನಿರ್ಧರಿಸಬೇಕು. ಎಲ್ಲರ ಕೆಲಸ ಎಂದು ಬಿಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ.


ಪ್ರಶ್ನೆ ಕೇಳಿದವರಿಂದ: ಹೊಂಗೆನೆರಳು (ಹಾಸನ)

ಸಭೆ ಮುಗಿದು ಮೂರು ದಿನವಾಯಿತು. ನಡೆದದ್ದನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ.

ಎಲ್ಲವೂ ನಾನು ಬಯಸಿದಂತೆ ಆಗಲಿಲ್ಲ. ಅರ್ಧ ಎಕರೆಯಲ್ಲಿ ಮಳೆಮರದ ಕಡೆಯ ಮೂರನೆಯ ಒಂದು ಭಾಗಕ್ಕೆ ಬಿಲ್ಲೆ ಹಾಸಿ ಹಿರಿಯರಿಗೆ ಬೆಂಚು ಹಾಕುವುದೆಂದು ನಿರ್ಧಾರವಾಯಿತು, ನಾನೂ ಅದಕ್ಕೆ ಒಪ್ಪಿದೆ. ಮರದ ಬುಡದ ಸುತ್ತ ಮೂರು ಅಡಿ ಮಣ್ಣು ಬಿಡುತ್ತಾರೆ. ಕಾರಂಜಿಯನ್ನು ಕೈಬಿಟ್ಟರು. ದರಗು ಅವರು ಪಂಪಿನ ಬಗ್ಗೆ ಬರೆದದ್ದನ್ನು ಓದಿಹೇಳಿದಾಗ, ಹಿಂದೆ ಬೇರೊಂದು ಬಡಾವಣೆಯಲ್ಲಿದ್ದ ಇಬ್ಬರು ತಮ್ಮಲ್ಲೂ ಹಾಗೆಯೇ ಆಗಿತ್ತೆಂದರು. ಆ ಹಣ ಬೇಲಿಗೂ ಸೊಂಟದೆತ್ತರದ ದೀಪಗಳಿಗೂ ಹೋಗಲಿದೆ. ಎತ್ತರದ ದೀಪಸ್ತಂಭ ಮುಂಭಾಗಕ್ಕೆ ಬರುತ್ತದೆ. ತಗ್ಗನ್ನು ಮುಚ್ಚುವ ವಿಚಾರವನ್ನು ಒಂದು ಮಳೆಗಾಲದ ಮಟ್ಟಿಗೆ ಮುಂದೂಡಿದ್ದಾರೆ. ವಾರದ ಪರೀಕ್ಷೆಯನ್ನು ನಾನು ವಹಿಸಿಕೊಂಡಿದ್ದೇನೆ, ನನ್ನೊಂದಿಗೆ ಪ್ರೌಢಶಾಲೆಯ ಇಬ್ಬರು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಮರಿಗಳು ಕಂಡರೆ ಅದೇ ದಿನ ತಿಳಿಸುವುದಾಗಿಯೂ, ನಿಯಂತ್ರಣಕ್ಕೆ ಬಾರದಿದ್ದರೆ ತಗ್ಗು ಮುಚ್ಚಲು ನಾನೇ ಮುಂದಾಗುವುದಾಗಿಯೂ ಮಾತು ಕೊಟ್ಟಿದ್ದೇನೆ.

ಒಣಕೊಂಬೆಯನ್ನು ಸಭೆಗೆ ಮುನ್ನಾದಿನ ಬೋರೆಯ ದಾರಿಯವರು ಹೇಳಿದಂತೆ ಕೆಳಗಿನಿಂದ ನೋಡಿದೆ. ರೂಪಾಯಿ ನಾಣ್ಯಕ್ಕಿಂತ ತುಸು ಅಗಲವಾದ, ಕಡೆದಿಟ್ಟಂತೆ ದುಂಡಗಿನ ಒಂದು ತೂತು ಅಡಿಭಾಗದಲ್ಲಿತ್ತು. ಕಾಲು ಗಂಟೆ ಕಾದ ಮೇಲೆ ಅದರಿಂದ ಹಣೆಯಲ್ಲಿ ಕೆಂಪಿರುವ ಒಂದು ಪುಟ್ಟ ಹಕ್ಕಿಯ ತಲೆ ಹೊರಬಂದಿತು. ಮೂರು ವರ್ಷ ಅದರ ಕೆಳಗೇ ಕೂತಿದ್ದೆ, ತಲೆಯೆತ್ತಿ ನೋಡಿರಲಿಲ್ಲ. ಭಾನುವಾರ ಸಭೆ ಆರಂಭವಾಗುವ ಮುನ್ನ ಸಮಿತಿಯವರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹಕ್ಕಿ ಆಗಲೂ ಇಣುಕಿತು. ಕೊಂಬೆಯ ತುದಿಯನ್ನು ಮಾತ್ರ ತೆಗೆಯಲು ವೃಕ್ಷಾಧಿಕಾರಿಗೆ ಅರ್ಜಿ ಬರೆಯುವ ಕೆಲಸವನ್ನು, ಅದನ್ನು ಪೂರ್ತಿ ಕಡಿಸಬೇಕೆಂದು ಮೊದಲು ಸೂಚಿಸಿದವರೇ ವಹಿಸಿಕೊಂಡರು.